ಅವ್ವನ ಬಂಗಾರ, ಬೆಂಗಳೂರಿನ ಅಡ್ವಾನ್ಸ್

ಪ್ರಶ್ನೆ: ಮೇಡಂ, ನಾನು ಹಾನಗಲ್ ತಾಲ್ಲೂಕಿನ ಹಳ್ಳಿಯವಳು. ಬಿ.ಕಾಂ. ಮುಗಿಸಿದ್ದೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಆವರಣದಲ್ಲಿ ಎಂ.ಕಾಂ. ಸೀಟು ಸಿಕ್ಕಿದೆ. ನಮ್ಮ ಮನೆತನದಲ್ಲಿ ಅಷ್ಟು ದೂರ ಓದಲು ಹೊರಟವಳು ನಾನೇ ಮೊದಲು. ಖುಷಿಪಡಬೇಕಾದ ಹೊತ್ತಿನಲ್ಲಿ ನಿದ್ದೆ ಹತ್ತುತ್ತಿಲ್ಲ. ಪಿಜಿಯಲ್ಲಿ ಮೂವರು ಇರುವ ರೂಮಿಗೆ ತಿಂಗಳಿಗೆ 8,500 ರೂಪಾಯಿ ಕೇಳುತ್ತಿದ್ದಾರೆ. ಜೊತೆಗೆ ಓದುವ ಇಬ್ಬರು ಗೆಳತಿಯರು ‘ಮನೆ ಮಾಡೋಣ ಬಾ’ ಎನ್ನುತ್ತಾರೆ. ಅವರು ನೋಡಿದ ಮನೆಗೆ 15,000 ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್. ಮುಂದಿನ ವರ್ಷ ತಮ್ಮನೂ ಬೆಂಗಳೂರಿಗೇ ಬರುವವನು. ಅದಕ್ಕೆ ಅಪ್ಪ ಬೇರೆಯೇ ಲೆಕ್ಕ ಹಾಕಿದ್ದಾರೆ. ಸುಂಕದಕಟ್ಟೆ ಹತ್ತಿರ ಎರಡು ಕೋಣೆಯ ಮನೆ ಮೂರು ವರ್ಷಕ್ಕೆ ಆರು ಲಕ್ಷಕ್ಕೆ ಲೀಸ್‌ಗೆ ಇದೆಯಂತೆ. ಬ್ರೋಕರ್ ಒಬ್ಬರು ಫೋನಿನಲ್ಲೇ ಹೇಳಿದ್ದು. ‘ಬಾಡಿಗೆಯೇ ಇಲ್ಲ, ಕೊನೆಗೆ ರೊಕ್ಕ ಪೂರ್ತಿ ವಾಪಸ್’ ಎಂದು ಅಪ್ಪನಿಗೆ ಅದೇ ಹಿಡಿಸಿದೆ. ಶುಂಠಿ ಮಾರಿದ ಎರಡು ಲಕ್ಷ ಕೈಯಲ್ಲಿದೆ. ಉಳಿದ ನಾಲ್ಕು ಲಕ್ಷಕ್ಕೆ ಅವ್ವನ ಬೋರಮಾಳ, ಬಳೆ ಎಲ್ಲ ಬ್ಯಾಂಕಿನಲ್ಲಿ ಇಡಬೇಕು. ಅವ್ವ ಒಂದು ಮಾತೂ ಆಡದೆ ತೆಗೆದು ಕೊಟ್ಟಿದ್ದಾಳೆ. ನನ್ನಿಂದ ಇಷ್ಟೆಲ್ಲ ಆಗಬೇಕೇ ಅನ್ನಿಸುತ್ತದೆ. ಊರಲ್ಲೇ ಉಳಿದು ಯಾವುದಾದರೂ ಕೆಲಸ ಹಿಡಿಯಲೇ? ಅಪ್ಪನಿಗೆ ಹೇಗೆ ಹೇಳಲಿ?

ಉತ್ತರ: ತಂಗೀ, ಈ ಪುಟ ಓದಿದ ದಿನವೇ ಅಪ್ಪನಿಗೆ ಒಂದು ಮಾತು ಹೇಳು. ಬಂಗಾರ ಬ್ಯಾಂಕಿಗೆ ಹೋಗಿಲ್ಲವಾದರೆ ಹೋಗುವುದು ಬೇಡ. ಹೋಗಿದ್ದರೂ ಆ ದುಡ್ಡು ಲೀಸ್‌ಗೆ ಹೋಗುವುದು ಬೇಡ. ಸೀಟು ಬಿಡುವ ಮಾತನ್ನಂತೂ ತಲೆಯಿಂದ ತೆಗೆದುಹಾಕು. ನಿನ್ನ ಓದು ದುಬಾರಿಯಾಗಿ ಕಾಣುತ್ತಿರುವುದು ಓದಿನಿಂದಲ್ಲ, ಮನೆಯ ವಿಚಾರದಲ್ಲಿ ನಿಮ್ಮ ಮುಂದೆ ಬಂದು ನಿಂತಿರುವ ಮೂರು ದಾರಿಗಳಲ್ಲಿ ಅತಿ ಅಪಾಯದ್ದನ್ನೇ ಅಗ್ಗದ್ದೆಂದು ಎಣಿಸಿರುವುದರಿಂದ.

ಅಪ್ಪನ ಲೆಕ್ಕವನ್ನು ತಪ್ಪೆಂದು ತಳ್ಳಿಹಾಕುವುದಿಲ್ಲ. ಇಬ್ಬರು ಮಕ್ಕಳಿಗೆ ಎರಡು ಪಿಜಿ ಎಂದರೆ ತಿಂಗಳಿಗೆ 17,000. ಲೀಸ್‌ನಲ್ಲಿ ಬಾಡಿಗೆ ಇಲ್ಲ. ಹೊಲದಲ್ಲಿ ಬೆವರು ಹರಿಸಿದ ಯಾರಿಗೇ ಆಗಲಿ ಇದು ಸಹಜವಾಗಿ ಒಪ್ಪುವ ಮಾತು. ಆದರೆ ಬಾಡಿಗೆ ಇಲ್ಲ ಎನ್ನುವುದು ಪೂರ್ತಿ ನಿಜವಲ್ಲ. ನಾಲ್ಕು ಲಕ್ಷದ ಬಂಗಾರದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿ ಹಿಡಿದರೆ 40,000 ರೂಪಾಯಿ. ತಿಂಗಳಿಗೆ 3,300ಕ್ಕೂ ಮೇಲೆ. ಮೂರು ವರ್ಷಕ್ಕೆ 1,20,000. ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ಸಾಲ ನವೀಕರಿಸಬೇಕು. ಒಂದು ವರ್ಷ ಶುಂಠಿಗೆ ಕೊಳೆ ರೋಗ ಬಂದು ಕಟ್ಟಲಾಗದಿದ್ದರೆ ಹರಾಜಿನ ನೋಟಿಸು ಅವ್ವನ ಬೋರಮಾಳಕ್ಕೇ ಬರುತ್ತದೆ. ಶುಂಠಿಯ ಎರಡು ಲಕ್ಷವೂ ಮೂರು ವರ್ಷ ಬೇರೆ ಕೆಲಸಕ್ಕೆ ಒದಗುವುದಿಲ್ಲ.

ಇದಿಷ್ಟೂ ಸೇರಿದರೂ ಲೀಸ್ ಅಗ್ಗವೇ ಇರಬಹುದು. ನನ್ನ ಆತಂಕ ಬಡ್ಡಿಯದ್ದಲ್ಲ. ನಿಮ್ಮ ಮನೆಯಲ್ಲಿರುವ ಎಲ್ಲ ಹಣ, ಎಲ್ಲ ಬಂಗಾರ, ಮುಖ ನೋಡದ ಒಬ್ಬ ಮನುಷ್ಯನ ಕೈಗೆ ಒಂದೇ ದಿನ ಹೋಗುತ್ತದಲ್ಲ, ಅದು. ಬೆಂಗಳೂರಿನಲ್ಲಿ ಲೀಸ್ ಮೋಸಗಳು ನಡೆದಿರುವ ಬಗೆಯನ್ನು ಅಪ್ಪನಿಗೆ ಬಿಡಿಸಿ ಹೇಳು. ಒಂದು ಬಗೆಯಲ್ಲಿ, ಮಧ್ಯವರ್ತಿಯೊಬ್ಬ ಅಸಲಿ ಮಾಲೀಕರಿಂದ ಮನೆಯನ್ನು ತಿಂಗಳ ಬಾಡಿಗೆಗೆ ಪಡೆಯುತ್ತಾನೆ. ಅದೇ ಮನೆಯನ್ನು ನಿಮ್ಮಂಥವರಿಗೆ ಲಕ್ಷಗಟ್ಟಲೆ ತೆಗೆದುಕೊಂಡು ಲೀಸ್‌ಗೆ ಕೊಡುತ್ತಾನೆ. ಕೆಲವು ತಿಂಗಳು ಮಾಲೀಕರಿಗೆ ಬಾಡಿಗೆ ಕಟ್ಟಿ, ಆಮೇಲೆ ಫೋನ್ ಬಂದ್ ಮಾಡುತ್ತಾನೆ. ಮಾಲೀಕರು ಬಂದು ‘ನೀವ್ಯಾರು?’ ಎನ್ನುತ್ತಾರೆ. ಇನ್ನೊಂದು ಬಗೆಯಲ್ಲಿ ಮಾಲೀಕ ಅಸಲಿಯೇ, ಆದರೆ ಮನೆಯ ಮೇಲೆ ಬ್ಯಾಂಕ್ ಸಾಲ ಇರುತ್ತದೆ. ಕಂತು ಕಟ್ಟದೆ ಹೋದರೆ ಸರ್ಫೇಸಿ ಎಂದು ಕರೆಯುವ 2002ರ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಹುದು. ಆಗ ಒಳಗಿದ್ದವರು ಸಾಮಾನು ಹೊತ್ತು ಹೊರಗೆ ಬರಬೇಕು, ಕೊಟ್ಟ ದುಡ್ಡಿಗೆ ಕೋರ್ಟು ಅಲೆಯಬೇಕು.

ಕಾಗದದ ವಿಷಯವೂ ಇದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಕರಾರು ನೋಂದಣಿ ಆಗಲೇಬೇಕು. ಬಾಡಿಗೆ ಕರಾರುಗಳನ್ನೆಲ್ಲ ಹನ್ನೊಂದು ತಿಂಗಳಿಗೆ ಬರೆಯುವುದು ಇದೇ ಕಾರಣಕ್ಕೆ. ಮೂರು ವರ್ಷದ ಲೀಸ್ ಎನ್ನುತ್ತಾ ಹನ್ನೊಂದು ತಿಂಗಳ ಕಾಗದ ಮುಂದಿಟ್ಟರೆ, ಅಥವಾ ಉಪ ನೋಂದಣಾಧಿಕಾರಿ ಕಚೇರಿಗೆ ಬರಲು ಮಾಲೀಕರು ಹಿಂದೇಟು ಹಾಕಿದರೆ, ಆ ಮನೆಯ ಮಾತು ಅಲ್ಲಿಗೆ ಮುಗಿಯಿತು ಎಂದು ತಿಳಿ. ಮುಂದೆ ಎಂದಾದರೂ, ತಮ್ಮ ಬಂದ ಮೇಲೆ, ಲೀಸ್‌ನ ಯೋಚನೆ ಮತ್ತೆ ಬಂದರೆ ಮೊದಲು ಕಾವೇರಿ ಪೋರ್ಟಲ್‌ನಲ್ಲಿ ಆ ಆಸ್ತಿಯ ಋಣಭಾರ ಪತ್ರ ತೆಗೆಸಿ, ಖಾತಾ ಮತ್ತು ತೆರಿಗೆ ರಸೀದಿಯಲ್ಲಿರುವ ಹೆಸರು ಮಾಲೀಕರ ಆಧಾರ್‌ಗೆ ಹೊಂದುತ್ತದೆಯೇ ನೋಡಿ, ಒಬ್ಬ ವಕೀಲರಿಗೆ ತೋರಿಸಬೇಕು. ಫೋನಿನ ಬ್ರೋಕರ್ ಮಾತಿನ ಮೇಲೆ ಅಲ್ಲ.

ಈಗ ಗೆಳತಿಯರ ಮನೆಯ ವಿಚಾರ. 15,000 ಮೂವರಿಗೆ ಹಂಚಿದರೆ ತಲೆಗೆ 5,000. ಕೇಳಲು ಚೆನ್ನಾಗಿದೆ. ಊಟ-ತಿಂಡಿಗೆ ಮೂರು ಸಾವಿರ ಹಿಡಿ. ಮನೆಯಲ್ಲೇ ಅಡುಗೆ ಮಾಡಿದರೂ ಅಕ್ಕಿ, ಎಣ್ಣೆ, ಗ್ಯಾಸು, ಹಾಲು, ತರಕಾರಿಗೆ ಅಷ್ಟಾಗುತ್ತದೆ. ನೀರು, ಇಂಟರ್‌ನೆಟ್, ಮೆಟ್ಟಿಲು ಗುಡಿಸುವವರಿಗೆ ಕೊಡುವುದು ಎಂದು ಇನ್ನೂ ಐನೂರು. ಅಲ್ಲಿಗೆ 8,500, ಪಿಜಿಯ ಮೊತ್ತವೇ. ಅದರ ಮೇಲೆ ಅಡ್ವಾನ್ಸ್‌ನಲ್ಲಿ ನಿನ್ನ ಪಾಲು 33,000ಕ್ಕೂ ಹೆಚ್ಚು, ಜೊತೆಗೆ ಹಾಸಿಗೆ, ಸ್ಟೌ, ಬಕೆಟ್ಟು, ಪಾತ್ರೆ. ಬಾಡಿಗೆ ಹತ್ತು-ಹನ್ನೊಂದು ಸಾವಿರದ ಮನೆ ಸಿಕ್ಕು, ಮೂವರೂ ಎರಡು ವರ್ಷ ಒಟ್ಟಿಗೆ ಇದ್ದರೆ ಮಾತ್ರ ಮನೆ ಲಾಭ. ಸ್ವಂತ ಅಡುಗೆ, ಬಿಸಿ ರೊಟ್ಟಿ, ಹೊತ್ತು ಗೊತ್ತಿಲ್ಲದೆ ಓದುವ ಸ್ವಾತಂತ್ರ್ಯ ಇವೆಲ್ಲ ದೊಡ್ಡವೇ, ಅದಕ್ಕಾಗಿ ಮನೆ ಮಾಡಿದರೆ ತಪ್ಪಿಲ್ಲ. ಉಳಿತಾಯಕ್ಕಾಗಿ ಎಂದುಕೊಂಡು ಮಾಡಬೇಡ.

ಬೆಂಗಳೂರಿನಲ್ಲಿ ಓದಲು ಬರುವ ಬಡ ಮನೆಯ ಮಕ್ಕಳನ್ನು ಬಾಡಿಗೆಗಿಂತ ಹೆಚ್ಚು ಕಾಡುವುದು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಈ ಊರಿನ ಹಳೆಯ ರೂಢಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವವರೂ ಸಿಗುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳು ತಮ್ಮದಾಗಿಸಿಕೊಂಡರಷ್ಟೇ ಜಾರಿಗೆ ಬರುವ ಮಾದರಿ; ಅದರ ಹೆಸರು ಹೇಳಿ ಮಾಲೀಕರ ಜೊತೆ ಜಗಳಕ್ಕೆ ನಿಂತರೆ ಮನೆ ಸಿಗುವುದಿಲ್ಲ. ವಿನಯದಿಂದ ಚೌಕಾಸಿ ಮಾಡಬಹುದು, ಮಾಡಲೇಬೇಕು. ಬಾಡಿಗೆಯಲ್ಲಿ ಐನೂರು ಇಳಿಸಿಕೊಳ್ಳುವುದಕ್ಕಿಂತ ಅಡ್ವಾನ್ಸ್‌ನಲ್ಲಿ ಮೂವತ್ತು ಸಾವಿರ ಇಳಿಸಿಕೊಳ್ಳುವುದು ನಿನ್ನಂಥವಳಿಗೆ ಹೆಚ್ಚು ಉಪಯೋಗ. ತಿಂಗಳ ದುಡ್ಡನ್ನು ಹೇಗೋ ಹೊಂದಿಸಬಹುದು, ಒಮ್ಮೆಲೇ ಸಿಕ್ಕಿಬಿದ್ದ ದೊಡ್ಡ ಮೊತ್ತಕ್ಕೆ ಸಾಲವೇ ಆಗಬೇಕು.

ಹಾಗಾದರೆ ಎಲ್ಲಿರಬೇಕು? ನನ್ನ ಉತ್ತರ: ಮೊದಲ ವರ್ಷ ಹಾಸ್ಟೆಲ್ಲು. ಸಿಗದಿದ್ದರೆ ಪಿಜಿ. ಮನೆಯ ಮಾತು ಎರಡನೇ ವರ್ಷಕ್ಕೆ.

ನಿನ್ನ ಪತ್ರದಲ್ಲಿ ಸರ್ಕಾರಿ ಹಾಸ್ಟೆಲ್ಲಿನ ಪ್ರಸ್ತಾಪವೇ ಇಲ್ಲದ್ದು ನನಗೆ ಸಂಕಟ ತಂದಿತು. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆ, ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ, ಈ ನಾಲ್ಕೂ ಮೆಟ್ರಿಕ್ ನಂತರದ ಹೆಣ್ಣುಮಕ್ಕಳ ವಿದ್ಯಾರ್ಥಿ ನಿಲಯಗಳನ್ನು ಬೆಂಗಳೂರಿನಲ್ಲಿ ನಡೆಸುತ್ತವೆ. ಸ್ನಾತಕೋತ್ತರ ಓದುವವರೂ ಅರ್ಜಿ ಹಾಕಬಹುದು. ಊಟ, ವಸತಿ ಉಚಿತ. ಅರ್ಜಿ ಆನ್‌ಲೈನ್‌ನಲ್ಲಿ, ರಾಜ್ಯ ವಿದ್ಯಾರ್ಥಿ ನಿಲಯಗಳ ಪೋರ್ಟಲ್ ಮೂಲಕ. ಬೇಕಾಗುವುದು ಆರ್‌ಡಿ ಸಂಖ್ಯೆ ಇರುವ ಜಾತಿ-ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಅಂಕಪಟ್ಟಿ, ಪ್ರವೇಶದ ರಸೀದಿ. ಆದಾಯ ಪತ್ರದ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡು. ಎಷ್ಟೋ ಮಕ್ಕಳ ಅರ್ಜಿ ಬೀಳುವುದು ಅಂಕ ಕಡಿಮೆಯಾಗಿ ಅಲ್ಲ, ಹಳೆಯ ಪತ್ರ ಹಾಕಿದ್ದರಿಂದ. ನಾಡಕಚೇರಿಗೆ ನಾಳೆಯೇ ಹೋಗು.

ಮೊದಲ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಕೈಬಿಡಬೇಡ. ಸೀಟು ಸಿಕ್ಕವರಲ್ಲಿ ಕೆಲವರು ಬೇರೆ ಕಡೆ ಹೋಗುತ್ತಾರೆ, ಜಾಗ ಖಾಲಿಯಾಗುತ್ತದೆ. ಆ ಹೊತ್ತಿಗೆ ಹಾಸ್ಟೆಲ್ಲಿನ ಮೇಲ್ವಿಚಾರಕರನ್ನೂ ತಾಲ್ಲೂಕು ಮಟ್ಟದ ಅಧಿಕಾರಿಯನ್ನೂ ಕಂಡು ವಿಚಾರಿಸುತ್ತಿರಬೇಕು. ಕೊನೆಗೂ ಸಿಗದೆ ಹೋದರೆ, ಹಿಂದುಳಿದ ವರ್ಗದವಳಾಗಿ ಆದಾಯ ಮಿತಿಯೊಳಗಿದ್ದರೆ ವಿದ್ಯಾಸಿರಿ ಯೋಜನೆಗೆ ಅರ್ಜಿ ಹಾಕು. ಹಾಸ್ಟೆಲ್ ಸಿಗದವರ ಊಟ-ವಸತಿಗೆಂದೇ 2013-14ರಲ್ಲಿ ಶುರುವಾದ ಯೋಜನೆ ಅದು. ಆಗ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಕೊಡುತ್ತಿದ್ದರು. ಪಿಜಿಯ ಇಡೀ ಖರ್ಚು ಅದರಲ್ಲಿ ತೀರದು, ಆದರೆ ಊಟದ ಒಂದು ಪಾಲು ತೀರುತ್ತದೆ.

ಸಮುದಾಯದ ಸಂಘಗಳು, ಮಠಗಳು ನಡೆಸುವ ನಿಲಯಗಳನ್ನೂ ವಿಚಾರಿಸು. ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ ತಲೆಮಾರು ನಮ್ಮದೇ ನಾಡಿನದು. ಆ ಹಸಿವನ್ನು ಕಂಡವರು ಕಟ್ಟಿದ ನಿಲಯಗಳು ಇವು. ಮೆಜೆಸ್ಟಿಕ್ ಬಳಿ ಗುಬ್ಬಿ ತೋಟದಪ್ಪನವರ ಹೆಸರಿನ ಛತ್ರ ಇವತ್ತಿಗೂ ಇದೆ, ಅವರ ಧರ್ಮಸಂಸ್ಥೆ ವಿದ್ಯಾರ್ಥಿ ನಿಲಯವನ್ನೂ ನಡೆಸಿಕೊಂಡು ಬಂದಿದೆ. ನಿನ್ನ ಸಮುದಾಯದ್ದು ಯಾವುದಿದೆ, ಹೆಣ್ಣುಮಕ್ಕಳಿಗೆ ಅಲ್ಲಿ ಜಾಗ ಇದೆಯೇ ಎಂದು ಊರಿನ ಹಿರಿಯರನ್ನೋ ನಿನ್ನ ಕಾಲೇಜಿನ ಮೇಷ್ಟ್ರನ್ನೋ ಕೇಳು. ಕೇಳಲು ಸಂಕೋಚ ಬೇಡ, ನಿನ್ನಂಥವರಿಗಾಗಿಯೇ ಅವು ಇರುವುದು. ತಮ್ಮನಿಗೂ ಇದೇ ದಾರಿ.

ಪಿಜಿಯೇ ಗತಿಯಾದರೆ, ಫೋಟೋ ನೋಡಿ ದುಡ್ಡು ಕಳಿಸಬೇಡ. ‘ಇನ್ನೊಬ್ಬರು ಬರುತ್ತಿದ್ದಾರೆ, ಟೋಕನ್ ಹಾಕಿ’ ಎಂದು ಅವಸರ ಮಾಡುವವರು, ‘ನಾನು ಸೈನ್ಯದಲ್ಲಿದ್ದೇನೆ, ಊರಲ್ಲಿಲ್ಲ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ’ ಎನ್ನುವವರು ಹೆಚ್ಚಾಗಿ ಕಳ್ಳರು. ದುಡ್ಡು ಪಡೆಯಲು ಯಾರೂ ಸ್ಕ್ಯಾನ್ ಮಾಡಬೇಕಿಲ್ಲ, ಪಿನ್ ಒತ್ತಬೇಕಿಲ್ಲ. ಹಾಗೇನಾದರೂ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಅಪ್ಪನೂ ನೀನೂ ಒಂದು ದಿನ ಬಂದು ನಾಲ್ಕಾರು ಕಡೆ ಕಣ್ಣಾರೆ ನೋಡಿ. ಸಂಜೆ ಹೊತ್ತಿಗೆ ಹೋಗಿ. ಹುಡುಗಿಯರು ಕೆಲಸ, ಕಾಲೇಜು ಮುಗಿಸಿ ಬಂದಿರುತ್ತಾರೆ. ಮಾಲೀಕರು ಹೇಳುವುದಕ್ಕಿಂತ ಅವರಲ್ಲಿ ಇಬ್ಬರನ್ನು ಮಾತಾಡಿಸಿದರೆ ನಿಜ ತಿಳಿಯುತ್ತದೆ. ಬಿಟ್ಟುಹೋದವರಿಗೆ ಅಡ್ವಾನ್ಸ್ ವಾಪಸ್ ಬಂತೇ, ಎಷ್ಟು ಹಿಡಿದುಕೊಂಡರು, ಭಾನುವಾರ ರಾತ್ರಿ ಊಟ ಇದೆಯೇ, ಬೇಸಿಗೆಯಲ್ಲಿ ನೀರು ಬಂತೇ. ನೀರಿನ ಮಾತು ಮರೆಯಬೇಡ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಈ ಊರು ಟ್ಯಾಂಕರ್‌ಗಾಗಿ ಕಾದದ್ದು ಕಂಡಿದ್ದೇವೆ. ಕಾವೇರಿ ನೀರಿನ ಸಂಪರ್ಕ ಇದೆಯೇ, ಬೋರ್ ಮಾತ್ರವೇ ಎಂದು ನೇರವಾಗಿ ಕೇಳು.

ಅದೇ ವರ್ಷ ಕೋರಮಂಗಲದ ಪಿಜಿಯೊಂದರಲ್ಲಿ ಯುವತಿಯೊಬ್ಬಳ ಕೊಲೆಯಾದ ಮೇಲೆ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿತು. ಒಬ್ಬೊಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಬರುವ-ಹೋಗುವ ದಾರಿಗೆ ಸಿಸಿಟಿವಿ, ಕಾವಲಿಗೆ ಜನ, ಅಡುಗೆಗೆ ಆಹಾರ ಸುರಕ್ಷತೆಯ ಪರವಾನಗಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಹೆಸರು ಬದಲಾದರೂ ಪರವಾನಗಿ ತೋರಿಸಿ ಎಂದು ಕೇಳುವ ಹಕ್ಕು ನಿನಗಿದೆ. ಮೂವರ ರೂಮು ಎಂದು 120 ಚದರ ಅಡಿಯ ಕೋಣೆ ತೋರಿಸಿದರೆ ಅದು ಇಬ್ಬರಿಗೂ ಸಾಲದ ಕೋಣೆ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಲಿ. ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು, ಎಷ್ಟು ಹಿಡಿಯುತ್ತಾರೆ ಎಂಬುದನ್ನು ಸೇರುವ ದಿನವೇ ಬರೆಸಿಕೋ.

ಯಾವ ಕಡೆ ಹುಡುಕಬೇಕು ಎಂಬುದಕ್ಕೆ ಬಸ್ಸನ್ನು ಮುಂದಿಟ್ಟುಕೊಂಡು ಯೋಚಿಸು. ನಿನ್ನ ಕಾಲೇಜಿನ ಹತ್ತಿರವೇ ನೇರಳೆ ಮಾರ್ಗದ ಮೆಟ್ರೊ ನಿಲ್ದಾಣವಿದೆ, ಅನುಕೂಲವೇನೋ ಸರಿ. ಆದರೆ 2025ರ ಫೆಬ್ರುವರಿಯಲ್ಲಿ ದರ ಏರಿದ ಮೇಲೆ ದಿನಾ ಹೋಗಿ-ಬಂದರೆ ತಿಂಗಳಿಗೆ ದೊಡ್ಡ ಮೊತ್ತವಾಗುತ್ತದೆ. ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ ನಿನಗೆ ಟಿಕೆಟ್ ಉಚಿತ, ವಜ್ರದಂಥ ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಮೆಟ್ರೊ ಪಕ್ಕದ ದುಬಾರಿ ರೂಮಿಗಿಂತ, ಮೆಜೆಸ್ಟಿಕ್ಕಿಗೋ ಮಾರ್ಕೆಟ್ಟಿಗೋ ನೇರ ಬಸ್ಸಿರುವ ಹಳೆಯ ಬಡಾವಣೆ ಮೇಲು. ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಸುಪಾಸು, ಶ್ರೀರಾಮಪುರ, ಹನುಮಂತನಗರ, ಶ್ರೀನಗರ ಇವನ್ನು ನೋಡು. ವಿಜಯನಗರ, ಅತ್ತಿಗುಪ್ಪೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ದಂಡೇ ಇದೆ. ಬಾಡಿಗೆ ತುಸು ಹೆಚ್ಚು, ಆದರೆ ಓದುವ ಕೊಠಡಿಗಳಿವೆ, ಜೋಳದ ರೊಟ್ಟಿಯ ಖಾನಾವಳಿಗಳಿವೆ, ನಿಮ್ಮ ಕಡೆಯ ಮಾತು ಕಿವಿಗೆ ಬೀಳುತ್ತದೆ. ಹೊಸ ಊರಿನಲ್ಲಿ ಒಂಟಿಯಾಗಿ ಇರುವವಳಿಗೆ ಅದೂ ಒಂದು ಆಸರೆ.

ಎರಡನೇ ವರ್ಷ ಗೆಳತಿಯರ ಜೊತೆ ಮನೆ ಮಾಡುವುದಾದರೆ, ಒಂದು ವರ್ಷ ಜೊತೆಗೆ ಓದಿ ಒಬ್ಬರ ಸ್ವಭಾವ ಒಬ್ಬರಿಗೆ ಗೊತ್ತಾಗಿರುತ್ತದೆ. ಓಣಿ ಓಣಿ ನಡೆದು ಟು ಲೆಟ್ ಬೋರ್ಡ್ ನೋಡಿಕೊಂಡು ಹುಡುಕಿದರೆ ಬ್ರೋಕರ್ ಕಮಿಷನ್ ಉಳಿಯುತ್ತದೆ. ‘ಯಾವ ಜನ?’ ಎಂದು ಕೇಳುವವರು ಸಿಗುತ್ತಾರೆ, ‘ಬರೀ ಹುಡುಗಿಯರಿಗೆ ಕೊಡಲ್ಲ’ ಎನ್ನುವವರೂ. ನಾಚಿಕೆ ಆಗಬೇಕಾದ್ದು ಕೇಳುವವರಿಗೆ, ನಿನಗಲ್ಲ. ಮುಂದಿನ ಗೇಟಿಗೆ ಹೋಗು. ಕರಾರಿನಲ್ಲಿ ಮೂವರ ಹೆಸರೂ ಇರಲಿ. ಒಬ್ಬಳು ನಡುವೆ ಬಿಟ್ಟುಹೋದರೆ ಅವಳ ಅಡ್ವಾನ್ಸ್ ಪಾಲನ್ನು ಯಾರು, ಯಾವಾಗ ಕೊಡಬೇಕು ಎಂಬುದನ್ನು ನೀವು ಮೂವರೇ ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿ. ಗೆಳೆತನ ಕೆಡುವುದು ಇಲ್ಲಿಯೇ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿನ ವಾಡಿಕೆ. ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ ಎಂದು ಕರಾರಿನಲ್ಲೇ ಸೇರಿಸು. ಸೇರುವ ದಿನ ಗೋಡೆ, ನಲ್ಲಿ, ಕಿಟಕಿ, ಮೀಟರ್ ರೀಡಿಂಗ್ ಎಲ್ಲದರ ವಿಡಿಯೊ ತೆಗೆದು ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿಬಿಡು. ಮನೆಗೆ ಪ್ರತ್ಯೇಕ ಮೀಟರ್ ಇದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಹೆಸರು ಕೊಡಬಹುದು. ಗ್ಯಾಸ್‌ಗೆ ವಿಳಾಸದ ದಾಖಲೆ ಇಲ್ಲವೆಂದು ಕಳವಳ ಬೇಡ, ಐದು ಕಿಲೋ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ.

ಕೊನೆಯದಾಗಿ ಅಪ್ಪನ ವಿಚಾರ. ಅವ್ವ ಮಾತಾಡದೆ ಬಂಗಾರ ತೆಗೆದು ಕೊಟ್ಟದ್ದು ನಿನ್ನ ಮೇಲಿನ ಭಾರವಲ್ಲ. ತಾನು ಕಾಣದ ಊರನ್ನು ಮಗಳು ಕಾಣಲಿ ಎಂದು ಅವಳು ಆರಿಸಿಕೊಂಡದ್ದು. ಅದಕ್ಕೆ ನೀನು ಸೀಟು ಬಿಟ್ಟು ಉತ್ತರ ಕೊಟ್ಟರೆ ಅವಳಿಗೆ ನೋವಾಗುತ್ತದೆ. ಅಪ್ಪನ ಮುಂದೆ ‘ಬೇಡ’ ಎಂದು ಮಾತು ಶುರು ಮಾಡಬೇಡ. ಇಬ್ಬರನ್ನೂ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮೂರು ಲೆಕ್ಕ ಬರೆ. ಹಾಸ್ಟೆಲ್ಲಾದರೆ ವರ್ಷಕ್ಕೆ ಎಷ್ಟು, ಪಿಜಿಯಾದರೆ ಎಷ್ಟು, ಲೀಸ್ ಆದರೆ ಬಡ್ಡಿ ಎಷ್ಟು. ಅದರ ಕೆಳಗೆ ‘ಎದುರಿನವರು ಮೋಸ ಮಾಡಿದರೆ ನಾವು ಕಳೆದುಕೊಳ್ಳುವುದು ಎಷ್ಟು?’ ಎಂದು ಬರೆದು ಮೂರಕ್ಕೂ ಉತ್ತರ ತುಂಬು. ಹಾಸ್ಟೆಲ್ಲಿಗೆ ಸೊನ್ನೆ. ಪಿಜಿಗೆ ಒಂದೆರಡು ತಿಂಗಳ ದುಡ್ಡು. ಲೀಸ್‌ಗೆ ಆರು ಲಕ್ಷ. ವ್ಯವಸಾಯ ಮಾಡುವವರಿಗೆ ನಷ್ಟದ ಲೆಕ್ಕ ಬೇರೆಯವರು ಕಲಿಸಬೇಕಿಲ್ಲ. ಎರಡು ವರ್ಷದ ಪಿಜಿ ಎಂದರೂ, ವರ್ಷಕ್ಕೆ ಹತ್ತು ತಿಂಗಳಂತೆ, 1,70,000. ಶುಂಠಿಯ ದುಡ್ಡಿನಲ್ಲೇ ಅದು ಮುಗಿಯುತ್ತದೆ, ಒಮ್ಮೆಲೇ ಕೊಡಬೇಕಾಗಿಯೂ ಇಲ್ಲ. ಅಷ್ಟರಲ್ಲಿ ಹಾಸ್ಟೆಲ್ ಸಿಕ್ಕರೆ ಅದೂ ಉಳಿದು ತಮ್ಮನ ಶುಲ್ಕಕ್ಕೆ ಆಗುತ್ತದೆ.

ಆ ಬ್ರೋಕರ್ ಮತ್ತೆ ಫೋನ್ ಮಾಡಿದರೆ, ‘ಋಣಭಾರ ಪತ್ರ ಕಳಿಸಿ, ನೋಂದಣಿಗೆ ಯಾವತ್ತು ಬರುತ್ತೀರಿ?’ ಎಂದು ಅಪ್ಪನೇ ಕೇಳಲಿ. ಅವರ ಉತ್ತರ ಏನು ಬಂತು, ಹಾಸ್ಟೆಲ್ ಅರ್ಜಿ ಎಲ್ಲಿಗೆ ಬಂತು ಎಂದು ನನಗೆ ಬರೆ. ತಮ್ಮ ಯಾವ ಕೋರ್ಸಿಗೆ, ಯಾವ ಕಡೆಯ ಕಾಲೇಜಿಗೆ ಬರುತ್ತಾನೆ ಎಂಬುದನ್ನೂ ತಿಳಿಸು. ಅವನ ವಸತಿಯ ವಿಚಾರ ಆಗ ಮಾತಾಡೋಣ.